ಶಿಬಿರದಲ್ಲಿ ಶುಗರ್ ಜಾಸ್ತಿ ಬಂದವರು ಆಮೇಲೆ ಏನಾದರು?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಲಯನ್ಸ್ ಕ್ಲಬ್. ಮೂವತ್ತು ಜನ ಸದಸ್ಯರಿದ್ದೇವೆ. ಪ್ರತಿ ವರ್ಷ ನವೆಂಬರ್ 14ಕ್ಕೆ, ವಿಶ್ವ ಮಧುಮೇಹ ದಿನದಂದು, ಬೆಳಿಗ್ಗೆ ಜಾಥಾ, ಆಮೇಲೆ ಕಲ್ಯಾಣ ಮಂಟಪದಲ್ಲಿ ಉಚಿತ ಶುಗರ್ ತಪಾಸಣೆ ಶಿಬಿರ ಮಾಡುತ್ತೇವೆ. ಹೋದ ಸಲ ಮುನ್ನೂರು ಜನ ಬಂದಿದ್ದರು, ಪೇಪರಿನಲ್ಲೂ ಬಂತು. ಆದರೆ ಅದರಿಂದ ಯಾರಿಗೆ ಏನು ಉಪಯೋಗ ಆಯಿತು ಅಂದರೆ ನಮ್ಮ ಹತ್ತಿರ ಉತ್ತರ ಇಲ್ಲ. ಈ ವರ್ಷ ನಾನು ಅಧ್ಯಕ್ಷ. ಶುಗರ್‌ಗೆ ಪೌಡರ್ ಮಾರುವ ಕಂಪನಿಯೊಂದು ಶಿಬಿರದ ಪೂರ್ತಿ ಖರ್ಚು ಕೊಡುತ್ತೇವೆ ಎನ್ನುತ್ತಿದೆ. ನಮ್ಮಂಥ ಕ್ಲಬ್ ನಿಜಕ್ಕೂ ಏನು ಮಾಡಿದರೆ ಒಳ್ಳೆಯದು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮುನ್ನೂರು ಜನರ ಬೆರಳು ಚುಚ್ಚುವ ಬದಲು ನೂರು ಜನರದ್ದು ಚುಚ್ಚಿ. ಆದರೆ ಶುಗರ್ ಜಾಸ್ತಿ ಬಂದ ಒಬ್ಬೊಬ್ಬರೂ ಆಸ್ಪತ್ರೆಗೆ ಹೋಗಿ, ಇನ್ನೊಮ್ಮೆ ಟೆಸ್ಟ್ ಮಾಡಿಸಿ, ಬೇಕಾದರೆ ಮಾತ್ರೆ ಶುರು ಮಾಡುವವರೆಗೆ ಬೆನ್ನು ಬಿಡಬೇಡಿ. ಬೆರಳು ಚುಚ್ಚುವ ಕೆಲಸ ಲ್ಯಾಬಿನವರೂ ಮಾಡುತ್ತಾರೆ, ಆಶಾ ಕಾರ್ಯಕರ್ತೆಯರೂ ಮಾಡಿಸುತ್ತಾರೆ. ಬೆನ್ನು ಹತ್ತುವ ಕೆಲಸಕ್ಕೆ ಮಾತ್ರ ಯಾರೂ ಇಲ್ಲ. ಅದಕ್ಕೆ ಬೇಕಾಗಿರುವುದು ಡಾಕ್ಟರ್ ಡಿಗ್ರಿಯಲ್ಲ, ಊರಿನ ಪರಿಚಯ. ಅದು ನಿಮ್ಮ ಹತ್ತಿರ ಬೇಕಾದಷ್ಟಿದೆ.

ಲೆಕ್ಕ ಹಾಕಿ ನೋಡೋಣ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4 ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಂದರೆ ಸುಮಾರು 10 ಕೋಟಿ ಜನ. ಇನ್ನು ಶೇ 15.3 ಜನ ಅದರ ಹೊಸ್ತಿಲಲ್ಲಿದ್ದಾರೆ, ನಮ್ಮ ಕಡೆ 'ಬಾರ್ಡರ್ ಶುಗರ್' ಅನ್ನುತ್ತಾರಲ್ಲ, ಅದು. ಹಾಗಾಗಿ ನೂರು ಜನರನ್ನು ಪರೀಕ್ಷೆ ಮಾಡಿದರೆ ಇಪ್ಪತ್ತೈದರ ಆಸುಪಾಸು ಜನರ ಬೆನ್ನು ಹತ್ತಬೇಕಾಗುತ್ತದೆ. ನೀವು ಮೂವತ್ತು ಜನ ಇದ್ದೀರಿ. ತಲೆಗೆ ಒಬ್ಬರು! ಮುನ್ನೂರು ಜನ ಬಂದರೆ ಈ ಲೆಕ್ಕ ಕೈ ತಪ್ಪಿಹೋಗುತ್ತದೆ. ಹೋದ ವರ್ಷ ಆಗಿದ್ದು ಅದೇ ಇರಬೇಕು.

ಲಯನ್ಸ್ ಸಂಸ್ಥೆ ಶುರುವಾಗಿದ್ದು 1917ರಲ್ಲಿ, ಶಿಕಾಗೋದಲ್ಲಿ. 1925ರಲ್ಲಿ ಕಣ್ಣು, ಕಿವಿ ಎರಡೂ ಇಲ್ಲದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಕಣ್ಣಿಲ್ಲದವರ ಪರ ನಿಲ್ಲಿ ಎಂದು ಕೇಳಿಕೊಂಡರು. ಅಲ್ಲಿಂದ ಕಣ್ಣಿನ ಕೆಲಸ ನಿಮ್ಮವರ ಗುರುತೇ ಆಗಿಹೋಯಿತು. ಶತಮಾನೋತ್ಸವದ ಹೊತ್ತಿಗೆ, 2017ರಲ್ಲಿ, ಮಧುಮೇಹವನ್ನೂ ಸಂಸ್ಥೆಯ ಮುಖ್ಯ ಕೆಲಸಗಳ ಪಟ್ಟಿಗೆ ಸೇರಿಸಿಕೊಂಡರು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ನಿಮ್ಮ ಕ್ಲಬ್ ಕಣ್ಣಿನ ಶಿಬಿರವನ್ನೂ ಮಾಡುತ್ತಿರಬೇಕಲ್ವಾ? ಎರಡನ್ನೂ ಬೇರೆ ಬೇರೆ ಇಡಬೇಡಿ. ಪೊರೆ ಆಪರೇಷನ್‌ಗೆ ಆಯ್ಕೆಯಾದವರಿಗೆ ಹೇಗೂ ಶುಗರ್ ನೋಡುತ್ತಾರೆ. ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಎಷ್ಟೋ ಜನರಿಗೆ ಗೊತ್ತಾಗುವುದೇ ಅವತ್ತು. 'ಶುಗರ್ ಇಳಿಸಿಕೊಂಡು ಬನ್ನಿ' ಎಂದು ವಾಪಸ್ ಕಳಿಸಿದವರ ಪಟ್ಟಿ ಕಣ್ಣಿನ ಆಸ್ಪತ್ರೆಯ ಸಿಬ್ಬಂದಿ ಹತ್ತಿರ ಇರುತ್ತದೆ. ಅವರು ಒಪ್ಪಿದರೆ, ರೋಗಿಗಳೂ ಒಪ್ಪಿದರೆ, ನಿಮ್ಮ ಕೆಲಸ ಅಲ್ಲಿಂದಲೇ ಶುರು ಮಾಡಬಹುದು. ಮೊದಲೇ ಶುಗರ್ ಇದ್ದವರಿಗೆ ಅದೇ ಶಿಬಿರದಲ್ಲಿ ಕಣ್ಣಿಗೆ ಡ್ರಾಪ್ಸ್ ಹಾಕಿ ಹಿಂಭಾಗದ ಪರದೆಯನ್ನೂ ನೋಡಿಸಿ. ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ನೋಡಿಸಬೇಕು. ಶುಗರ್‌ನಿಂದ ಆಗುವ ಹಾನಿ ಶುರುವಿನಲ್ಲಿ ಕಣ್ಣಿಗೆ ಏನೂ ತೊಂದರೆ ಕೊಡುವುದಿಲ್ಲ. ಮಂಜಾಗಿದೆ ಎಂದು ಬರುವ ಹೊತ್ತಿಗೆ ಸಾಕಷ್ಟು ತಡವಾಗಿರುತ್ತದೆ.

ಇನ್ನೊಂದು ತೊಡಕು ನಿಮ್ಮ ಕ್ಯಾಲೆಂಡರಿನಲ್ಲೇ ಇದೆ. ಜುಲೈ ಒಂದಕ್ಕೆ ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ. ನವೆಂಬರಿನಲ್ಲಿ ಶಿಬಿರ. ಹೋದ ವರ್ಷದ ರಿಜಿಸ್ಟರ್ ಹಳೇ ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿರುತ್ತದೆ. ಮಧುಮೇಹ ಹೀಗೆ ವರ್ಷಕ್ಕೊಮ್ಮೆ ಚಾರ್ಜು ಬಿಟ್ಟುಕೊಡುವ ಕಾಯಿಲೆ ಅಲ್ಲ. ಆದ್ದರಿಂದ ಮೂರು ವರ್ಷ ಬದಲಾಗದ ಇಬ್ಬರನ್ನು ಈ ಕೆಲಸಕ್ಕೆ ನೇಮಿಸಿ. ಒಬ್ಬರು ಔಷಧಿ ಅಂಗಡಿಯವರೋ ನಿವೃತ್ತ ಮೇಷ್ಟ್ರೋ ಆದರೆ ಒಳ್ಳೆಯದು. ನವೆಂಬರಿನಲ್ಲಿ ಪತ್ತೆಯಾದವರನ್ನು ಫೆಬ್ರವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಮಾತಾಡಿಸಿ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೂ ಈ ಅಂತರ ಸರಿಹೋಗುತ್ತದೆ. ಜೂನ್ ಮುಗಿಯುವುದರೊಳಗೆ ನಿಮ್ಮ ಕೈಯಲ್ಲಿ ನಿಜವಾದ ವರದಿ ಇರುತ್ತದೆ.

ಈಗ ಶಿಬಿರದ ದಿನಕ್ಕೆ ಬರೋಣ. ರಿಜಿಸ್ಟ್ರೇಷನ್ ಟೇಬಲ್ಲಿನಲ್ಲಿ ಮೊದಲ ಪ್ರಶ್ನೆ, 'ನಿಮಗೆ ಈಗಾಗಲೇ ಶುಗರ್ ಇದೆಯಾ?' ಎಂದಿರಲಿ. ಉಚಿತ ಶಿಬಿರಕ್ಕೆ ಬರುವವರಲ್ಲಿ ಬಹಳ ಜನ ಹಳೇ ಪೇಷೆಂಟುಗಳೇ. ಈ ತಿಂಗಳ ಟೆಸ್ಟು ಬಿಟ್ಟಿ ಆಗಲಿ ಎಂದು ಬಂದಿರುತ್ತಾರೆ. ತಪ್ಪೇನಿಲ್ಲ, ಆದರೆ ನಿಮ್ಮ ಸ್ಟ್ರಿಪ್‌ಗಳೆಲ್ಲ ಅಲ್ಲೇ ಖಾಲಿಯಾಗುತ್ತವೆ. ಅವರನ್ನು ಬೇರೆ ಸಾಲಿಗೆ ಕಳಿಸಿ. ಆ ಸಾಲಿನಲ್ಲಿ ಪಾದ ನೋಡಿ. ಅದನ್ನು ಆಮೇಲೆ ವಿವರಿಸುತ್ತೇನೆ.

ಶುಗರ್ ಇಲ್ಲ ಎನ್ನುವವರ ಸಾಲಿನಲ್ಲಿ ಗ್ಲೂಕೋಮೀಟರಿಗಿಂತ ಮೊದಲು ಟೇಪು ಕೆಲಸ ಮಾಡಲಿ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮಾಡಿದ ಅಪಾಯದ ಅಂಕಪಟ್ಟಿ ಒಂದಿದೆ, ನಾಲ್ಕೇ ಪ್ರಶ್ನೆ. ವಯಸ್ಸು 35 ದಾಟಿದ್ದರೆ 20 ಅಂಕ, 50 ಆಗಿದ್ದರೆ 30. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಿದರೆ 10. ಅದಕ್ಕಿಂತ ಇನ್ನೂ 10 ಸೆಂಟಿಮೀಟರ್ ಹೆಚ್ಚಿದ್ದರೆ 20. ಮೈ ಬಗ್ಗಿಸಿ ಕೆಲಸ ಮಾಡುವವರಿಗೆ ಸೊನ್ನೆ, ಕೂತೇ ಇರುವವರಿಗೆ 30, ನಡುವಿನವರಿಗೆ ನಡುವಿನ ಅಂಕ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಅದಕ್ಕಿಂತ ಜಾಸ್ತಿ ಆದರೆ ಪರೀಕ್ಷೆ ಮಾಡಲೇಬೇಕು. ಇದಕ್ಕೆ ಖರ್ಚಿಲ್ಲ. ಜನರಿಗೂ ತಮ್ಮ ಲೆಕ್ಕ ತಮಗೇ ತಿಳಿಯುತ್ತದೆ. 'ನಂಗೆ ಎಪ್ಪತ್ತು ಬಂತು, ನಿಂಗೆಷ್ಟು?' ಎಂದು ಸಾಲಿನಲ್ಲೇ ಮಾತು ಶುರುವಾಗುತ್ತದೆ. ಅರ್ಧ ಗಂಟೆ ಭಾಷಣಕ್ಕಿಂತ ಅದು ಮೇಲು.

ಸುತ್ತಳತೆ ತೆಗೆಯುವಾಗ ಒಂದು ಜಾಗ್ರತೆ. ಪ್ಯಾಂಟಿನ ಬೆಲ್ಟ್ ನಿಂತ ಕಡೆ ಟೇಪ್ ಹಿಡಿಯಬೇಡಿ. ನಮ್ಮ ಗಂಡಸರ ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುವೆ ಅಳೆಯಬೇಕು. ಉಸಿರು ಬಿಟ್ಟಾಗ ಓದಬೇಕು. ಹೆಂಗಸರಿಗೆ ಪರದೆ ಕಟ್ಟಿ, ಅಳೆಯಲು ಹೆಂಗಸರೇ ಇರಲಿ. ಇಲ್ಲದಿದ್ದರೆ ಅವರು ಸುಮ್ನೆ ಎದ್ದು ಹೋಗುತ್ತಾರೆ.

ಬೆರಳು ಚುಚ್ಚುವುದು ನರ್ಸ್ ಅಥವಾ ಲ್ಯಾಬ್ ತಂತ್ರಜ್ಞರ ಕೆಲಸ, ಉತ್ಸಾಹಿ ಸದಸ್ಯರದ್ದಲ್ಲ. ಒಂದು ಸೂಜಿ ಒಬ್ಬರಿಗೇ. ಪೆನ್ನಿನ ಥರ ಇರುವ ಸ್ಪ್ರಿಂಗ್ ಸಾಧನವನ್ನು ಎಲ್ಲರಿಗೂ ಬಳಸಬೇಡಿ, ಸೂಜಿ ಬದಲಾಯಿಸಿದರೂ ಬೇಡ. ಅದರಿಂದ ಹೆಪಟೈಟಿಸ್ ಬಿ ಹರಡಿರುವುದು ದಾಖಲಾಗಿದೆ. ಬಳಸಿದ ಸೂಜಿ ಬಿಳಿ ಬಣ್ಣದ, ತೂತಾಗದ ಡಬ್ಬಕ್ಕೆ ಹೋಗಬೇಕು. ಮಂಟಪದ ಕಸದ ಬುಟ್ಟಿಗಲ್ಲ. ಆ ಡಬ್ಬ ಯಾವ ಆಸ್ಪತ್ರೆಗೆ ಹೋಗುತ್ತದೆ ಎನ್ನುವುದನ್ನು ಮುಂಚೆಯೇ ಮಾತಾಡಿಕೊಳ್ಳಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬಾರದು, ತೇವ ತಾಗಿದರೆ ರೀಡಿಂಗ್ ಕೆಡುತ್ತದೆ. ಕೈ ತೊಳೆಯಲು ನೀರು ಇಡಿ. ಬಾಳೆಹಣ್ಣು ಸುಲಿದ ಕೈಯಲ್ಲೇ ಬಂದು ಬೆರಳು ಕೊಟ್ಟರೆ, ಹಣ್ಣಿನ ಸಕ್ಕರೆಯೂ ಸೇರಿ ಲೆಕ್ಕಕ್ಕೆ ಬರುತ್ತದೆ. ಸ್ಪಿರಿಟ್ ಹಚ್ಚಿದ್ದರೆ ಪೂರ್ತಿ ಒಣಗಲಿ.

ಎಲ್ಲರನ್ನೂ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಕರೆಯಬೇಡಿ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವರು, ಉದ್ಘಾಟನೆ, ಸ್ವಾಗತ, ಹಾರ ತುರಾಯಿ ಮುಗಿಯುವವರೆಗೆ ಹಸಿದುಕೊಂಡು ಕೂರುತ್ತಾರೆ. ಮೊದಲ ಹಂತದ ತಪಾಸಣೆಗೆ ಯಾವಾಗ ಬೇಕಾದರೂ ಮಾಡುವ ಟೆಸ್ಟೇ ಸಾಕು. ಸರ್ಕಾರಿ ಕಾರ್ಯಕ್ರಮದಲ್ಲೂ 30 ವರ್ಷ ದಾಟಿದವರಿಗೆ ಹೀಗೇ ನೋಡುತ್ತಾರೆ. 140 ಅಥವಾ ಮೇಲೆ ಬಂದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ನೆನಪಿರಲಿ, 140 ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ಶುಗರ್ 126 ಅಥವಾ ಮೇಲೆ, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಮೇಲೆ ಇದ್ದರೆ ಮಧುಮೇಹ. ಲಕ್ಷಣ ಇಲ್ಲದವರಿಗೆ ಎರಡು ರಿಪೋರ್ಟ್ ಸೇರಿಸಿ ನೋಡಿಯೇ ಡಾಕ್ಟರು ತೀರ್ಮಾನ ಹೇಳುತ್ತಾರೆ. ನಿಮ್ಮ ಟೇಬಲ್ಲಿನಲ್ಲಿ ಯಾರೂ 'ನಿಮಗೆ ಶುಗರ್ ಬಂದುಬಿಟ್ಟಿದೆ' ಎನ್ನಬಾರದು. 'ಇನ್ನೊಂದು ಟೆಸ್ಟ್ ಬೇಕು' ಎಂದರೆ ಸಾಕು. ಆದರೆ 300 ದಾಟಿದ್ದು, ಜೊತೆಗೆ ವಾಂತಿ, ಏದುಸಿರು, ಮಂಪರು ಇದ್ದರೆ ಅವರನ್ನು ಅವತ್ತೇ, ನಿಮ್ಮದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಚೀಟಿ. ಸಾಮಾನ್ಯವಾಗಿ ಕ್ಲಬ್ಬಿನ ಲಾಂಛನ, ಪದಾಧಿಕಾರಿಗಳ ಹೆಸರು ಎಲ್ಲ ಮೇಲೆ. ಶುಗರ್ ಎಷ್ಟು ಎನ್ನುವುದು ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ. ಇದನ್ನು ತಿರುವು ಮುರುವು ಮಾಡಿ. ಎಷ್ಟು ಬಂತು, ಮುಂದಿನ ಟೆಸ್ಟ್ ಯಾವುದು, ಯಾವ ದಿನ, ಯಾವ ಆಸ್ಪತ್ರೆ, ಅಲ್ಲಿ ಯಾವ ರೂಮು, ಇಷ್ಟನ್ನು ದೊಡ್ಡದಾಗಿ ಬರೆಯಿರಿ. ಕೆಳಗೆ ಅವರನ್ನು ವಹಿಸಿಕೊಂಡ ಸದಸ್ಯರ ಹೆಸರು, ಫೋನ್ ನಂಬರ್. 'ನಾನು ಬರೋ ವಾರ ಫೋನ್ ಮಾಡಬಹುದಾ?' ಎಂದು ಕೇಳಿ, ಒಪ್ಪಿಗೆ ತೆಗೆದುಕೊಳ್ಳಿ. ಮನೆಯವರಿಗೆ ಗೊತ್ತಾಗುವುದು ಬೇಡ ಎನ್ನುವವರೂ ಇರುತ್ತಾರೆ, ಮುಖ್ಯವಾಗಿ ಮದುವೆಗೆ ಮಕ್ಕಳಿರುವ ಮನೆಗಳಲ್ಲಿ. ಆ ಮಾತಿಗೆ ಬೆಲೆ ಕೊಡಿ. ರಿಜಿಸ್ಟರ್ ಫೋಟೋ ತೆಗೆದು ವಾಟ್ಸ್ಯಾಪ್ ಗ್ರೂಪಿಗೆ ಹಾಕುವ ಅಭ್ಯಾಸ ಇದ್ದರೆ ಈಗಲೇ ನಿಲ್ಲಿಸಿ.

ಶಿಬಿರಕ್ಕೆ ಮುಂಚೆ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿಗೆ ಹೋಗಿ ಮಾತಾಡಿ. ಬಿಪಿ, ಶುಗರ್ ನೋಡಿ ಮಾತ್ರೆ ಕೊಡುವುದೇ ಅವರ ಕೆಲಸ. ಮೆಟ್‌ಫಾರ್ಮಿನ್‌ನಂಥ ಮಾತ್ರೆ ಉಚಿತವಾಗಿ ಸಿಗುತ್ತದೆ. ನೀವು ಕಳಿಸುವ ಇಪ್ಪತ್ತೈದು ಜನ ಒಂದೇ ದಿನ ಹೋಗಿ ಸಾಲು ನಿಂತರೆ ಅವರಿಗೂ ಕಷ್ಟ, ಇವರಿಗೂ ಬೇಸರ. ಯಾವ ದಿನ ಎಷ್ಟು ಜನ ಎಂದು ಮೊದಲೇ ಹಂಚಿಕೊಳ್ಳಿ. ಹಳ್ಳಿಯವರ ಹೆಸರನ್ನು ಅವರ ಒಪ್ಪಿಗೆ ಪಡೆದು ಆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲೇ ಮುಂದಿನ ಮಾತ್ರೆ ಸಿಕ್ಕರೆ, ಬಸ್ ಚಾರ್ಜ್ ಕೊಟ್ಟು ಅಷ್ಟು ದೂರ ಬರುವುದು ತಪ್ಪುತ್ತದೆ.

ಫೋನ್ ಮಾಡುವ ಸದಸ್ಯರಿಗೆ ಎದುರಾಗುವ ಉತ್ತರಗಳನ್ನು ಈಗಲೇ ಹೇಳಿಬಿಡಬಹುದು. 'ನಂಗೇನೂ ಆಗಿಲ್ಲ ಸಾರ್, ಚೆನ್ನಾಗೇ ಇದೀನಿ.' ನಿಜ, ಶುರುವಿನಲ್ಲಿ ಏನೂ ಆಗುವುದಿಲ್ಲ. 'ಮಾತ್ರೆ ಒಂದ್ಸಲ ಶುರು ಮಾಡಿದ್ರೆ ಬಿಡೋ ಹಂಗಿಲ್ಲವಂತೆ.' ಬಿಡಲಾಗದೆ ಇರುವುದು ಕಾಯಿಲೆಯಿಂದ, ಮಾತ್ರೆಯ ಚಟದಿಂದಲ್ಲ. ತೂಕ ಚೆನ್ನಾಗಿ ಇಳಿಸಿದ ಕೆಲವರಿಗೆ ಡಾಕ್ಟರೇ ಮಾತ್ರೆ ಕಡಿಮೆ ಮಾಡುತ್ತಾರೆ. 'ಮಾತ್ರೆ ತಿಂದ್ರೆ ಕಿಡ್ನಿ ಹೋಗುತ್ತೆ.' ಇದು ನಮ್ಮ ಕಡೆ ಬಹಳ ಬಲವಾಗಿ ಬೇರೂರಿದೆ. ವರ್ಷಗಟ್ಟಲೆ ಮಾತ್ರೆ ನುಂಗಿದವರ ಕಿಡ್ನಿ ಹೋಗಿದ್ದನ್ನು ಜನ ಕಣ್ಣಾರೆ ನೋಡಿದ್ದಾರೆ. ಅದನ್ನು ಹಾಳು ಮಾಡಿದ್ದು ಅಷ್ಟು ವರ್ಷ ಇಳಿಯದೆ ಇದ್ದ ಶುಗರ್ ಮತ್ತು ಬಿಪಿ ಎನ್ನುವುದು ಕಾಣುವುದಿಲ್ಲ. ಕಿಡ್ನಿ ಮೊದಲೇ ದುರ್ಬಲ ಆಗಿದ್ದರೆ ಕೆಲವು ಮಾತ್ರೆ ಬದಲಾಯಿಸಬೇಕಾಗುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ರಕ್ತ, ಮೂತ್ರ ನೋಡಿಸುವುದು. ಸದಸ್ಯರು ವಾದ ಮಾಡಬೇಕಿಲ್ಲ. 'ನಾಳೆ ನಾನೂ ಆ ಕಡೆ ಬರ್ತೀನಿ, ಜೊತೆಗೆ ಹೋಗೋಣ' ಎಂದರೆ ಮುಕ್ಕಾಲು ಕೆಲಸ ಆದ ಹಾಗೆ.

ಇನ್ನು ಪಾದ. ಹಳೇ ಪೇಷೆಂಟುಗಳ ಸಾಲಿನಲ್ಲಿ ಒಂದು ಬೆಂಚು, ಒಂದು ಟಾರ್ಚ್ ಇಡಿ. ಚಪ್ಪಲಿ ಬಿಚ್ಚಿಸಿ ಅಂಗಾಲು, ಹಿಮ್ಮಡಿ, ಬೆರಳುಗಳ ಸಂದು ನೋಡಿ. ಮುಳ್ಳು ಮುರಿದುಕೊಂಡು ಒಳಗೇ ಕೀವಾಗಿದ್ದರೂ 'ಹೌದಾ? ನಂಗೆ ಗೊತ್ತೇ ಆಗ್ಲಿಲ್ಲ' ಎನ್ನುವ ರೈತರನ್ನು ನಾವು ನೋಡುತ್ತಲೇ ಇರುತ್ತೇವೆ. ನೋವು ಗೊತ್ತಾಗುವ ನರವೇ ಸತ್ತಿರುತ್ತದೆ. ಇದನ್ನು ಪತ್ತೆ ಮಾಡಲು ಯಾವ ಯಂತ್ರವೂ ಬೇಡ. ಅವರು ಕಣ್ಣು ಮುಚ್ಚಿಕೊಳ್ಳಲಿ. ನಿಮ್ಮ ತೋರುಬೆರಳಿನಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಿ. ಎರಡೂ ಪಾದ ಸೇರಿ ಆರು ಕಡೆ. ಒತ್ತಬೇಡಿ, ತಟ್ಟಬೇಡಿ, ಗೀರಬೇಡಿ. ಮುಟ್ಟಿದ್ದು ಗೊತ್ತಾದಾಗೆಲ್ಲ 'ಹೂಂ' ಅನ್ನಲಿ. ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಆ ಕಾಲು ಅಪಾಯದಲ್ಲಿದೆ. ಅವರು ಡಾಕ್ಟರ ಹತ್ತಿರ ಹೋಗಬೇಕು, ಬರಿಗಾಲಲ್ಲಿ ನಡೆಯುವುದನ್ನು ಬಿಡಬೇಕು, ಮನೆಯ ಒಳಗೂ. ದಿನಾ ರಾತ್ರಿ ಪಾದ ನೋಡಿಕೊಳ್ಳಬೇಕು. ಬಗ್ಗಲು ಆಗದವರಿಗೆ ಮೊಮ್ಮಕ್ಕಳು ನೋಡಲಿ. ಕ್ಲಬ್ಬಿನ ಹತ್ತಿರ ಸ್ವಲ್ಪ ದುಡ್ಡಿದ್ದರೆ ಟೀ ಶರ್ಟು, ಟೋಪಿ ಬಿಟ್ಟು ಇಂಥವರಿಗೆ ಎಂಸಿಆರ್ ಚಪ್ಪಲಿ ಕೊಡಿಸಿ. ಮೆತ್ತಗಿನ ರಬ್ಬರಿನ ಈ ಚಪ್ಪಲಿಯನ್ನು ಕುಷ್ಠರೋಗದಲ್ಲಿ ಕಾಲಿನ ಸ್ಪರ್ಶ ಹೋದವರೂ ಹಾಕಿಕೊಳ್ಳುತ್ತಾರೆ. ಒಂದು ಕಾಲು ಉಳಿಸುವ ವಿಚಾರದಲ್ಲಿ ಇದಕ್ಕಿಂತ ಅಗ್ಗದ ಸಹಾಯ ನನಗೆ ಗೊತ್ತಿಲ್ಲ.

ಜಾಥಾ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಊರಿಗೆ ಒಂದು ಕಳೆ ಬರುತ್ತದೆ, ಬರಲಿ. ಆದರೆ ಬೆಳಿಗ್ಗೆ ಶುಗರ್ ಮಾತ್ರೆ ನುಂಗಿ, ತಿಂಡಿ ತಿನ್ನದೆ ಎರಡು ಕಿಲೋಮೀಟರ್ ನಡೆಯಲು ಬರುವವರು ಇರುತ್ತಾರೆ. ಗ್ಲಿಮೆಪಿರೈಡ್‌ನಂಥ ಮಾತ್ರೆ, ಇಲ್ಲವೇ ಇನ್ಸುಲಿನ್ ತೆಗೆದುಕೊಂಡವರಿಗೆ ಶುಗರ್ ಸರ್ರನೆ ಇಳಿಯಬಹುದು. ಮೈ ಬೆವರಿ, ಕೈ ನಡುಗಿ, ಮಾತು ತೊದಲಿದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ. ಮಧುಮೇಹದ ಜಾಥಾದಲ್ಲಿ ಸಕ್ಕರೆ ಡಬ್ಬಿ ಹಿಡಿದು ನಡೆಯುವ ಒಬ್ಬರು ಇರಲೇಬೇಕು, ನಗಬೇಡಿ!

ಭಾಷಣ ಮಾಡುವುದಿದ್ದರೆ ನಿಮ್ಮೂರಿನ ತಟ್ಟೆಯ ಬಗ್ಗೆ ಮಾತಾಡಿ. ಓಟ್ಸ್, ಆಲಿವ್ ಎಣ್ಣೆ ಬೇಡ. ತುಮಕೂರು ಸೀಮೆಯಲ್ಲಿ 'ಶುಗರ್ ಇದ್ದವರು ಮುದ್ದೆ ಎಷ್ಟು ಬೇಕಾದರೂ ಉಣ್ಣಬಹುದು' ಎನ್ನುವ ಧೈರ್ಯ ಇದೆ. ರಾಗಿ ಒಳ್ಳೆಯದೇ, ನಾರಿದೆ, ಕ್ಯಾಲ್ಸಿಯಂ ಇದೆ. ಆದರೆ ನೂರು ಗ್ರಾಂ ರಾಗಿಯಲ್ಲೂ ಹತ್ತಿರ ಹತ್ತಿರ 70 ಗ್ರಾಂ ಪಿಷ್ಟ ಇದೆ. ಅಕ್ಕಿಯಲ್ಲಿ 78ರ ಆಸುಪಾಸು. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಮುದ್ದೆ ಒಂದು, ಅದೂ ಚಿಕ್ಕದು. ಸೊಪ್ಪು, ಕಾಳು, ಪಲ್ಯ ಜಾಸ್ತಿ. ಮುದ್ದೆ ಆದ ಮೇಲೆ ಅನ್ನವನ್ನೂ ಬಡಿಸಿಕೊಂಡರೆ ರಾಗಿ ಉಂಡ ಪ್ರಯೋಜನ ಏನು ಬಂತು? ಬೆಲ್ಲವೂ ಅಷ್ಟೇ, ರಕ್ತಕ್ಕೆ ಸೇರಿದ ಮೇಲೆ ಸಕ್ಕರೆಯ ಥರವೇ. ದಿನಕ್ಕೆ ಐದು ಲೋಟ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಹತ್ತು ಚಮಚ, ಹತ್ತಿರ ಹತ್ತಿರ 50 ಗ್ರಾಂ. ಇದನ್ನು ಒಂದು ಲೋಟಕ್ಕೆ ಸುರಿದು ಟೇಬಲ್ ಮೇಲೆ ಇಡಿ. ಹಿತ್ತಲಲ್ಲಿ ಬೆಳೆಸುವ ಇನ್ಸುಲಿನ್ ಗಿಡದ ಬಗ್ಗೆ ಖಂಡಿತ ಕೇಳುತ್ತಾರೆ. ಅದರ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಬಾಯಿಂದ ತಿಂದರೆ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತಿತ್ತು. ಆಸೆಗೆ ಎಲೆ ತಿನ್ನುವವರ ಜೊತೆ ಜಗಳ ಬೇಡ. ಅದನ್ನು ನಂಬಿ ಮಾತ್ರೆ ಬಿಡಬೇಡಿ ಎಂದಷ್ಟೇ ಹೇಳಿ.

ಪೌಡರ್ ಕಂಪನಿಗೆ ಬೇಡ ಎನ್ನಿ. ಮಧುಮೇಹ ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾನೂನಿನ ಪ್ರಕಾರ ಅಪರಾಧ. ನಿಮ್ಮ ಬ್ಯಾನರ್ ಪಕ್ಕ ಅವರ ಬ್ಯಾನರ್ ಇದ್ದರೆ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಮಾತ್ರೆ ಬಿಟ್ಟು ಪೌಡರ್ ಹಿಡಿದವರು ನಾಳೆ ತೊಂದರೆಗೆ ಸಿಕ್ಕರೆ ಹೆಸರು ಹೋಗುವುದು ಕ್ಲಬ್ಬಿನದು. ನೂರು ಜನರ ಶಿಬಿರಕ್ಕೆ ಅಂಥ ದುಡ್ಡೂ ಬೇಕಿಲ್ಲ. ಲಯನ್ಸ್ ಅಂತರರಾಷ್ಟ್ರೀಯ ಪ್ರತಿಷ್ಠಾನದಲ್ಲಿ ಮಧುಮೇಹದ ಕೆಲಸಕ್ಕೆಂದೇ ಅನುದಾನ ಇದೆ, ನಿಮ್ಮ ಜಿಲ್ಲಾ ಗವರ್ನರ್ ಕಚೇರಿಯಲ್ಲಿ ವಿಚಾರಿಸಿ.

ಇನ್ನೂ ಕೈ ಬಿಡುವಿದ್ದರೆ ಇಬ್ಬರನ್ನು ಮರೆಯಬೇಡಿ. ಮೊದಲನೆಯವರು ಬಸುರಿನಲ್ಲಿ ಶುಗರ್ ಬಂದಿದ್ದ ಹೆಂಗಸರು. ಹೆರಿಗೆಯಾದ ಮೇಲೆ 'ನಾರ್ಮಲ್ ಆಯ್ತು' ಎಂದು ಮನೆಯವರೆಲ್ಲ ಮರೆತುಬಿಡುತ್ತಾರೆ. ಮಗುವಿಗೆ ಆರು ವಾರದ ಲಸಿಕೆ ಹಾಕಿಸುವ ಹೊತ್ತಿಗೆ ತಾಯಿಗೂ ಶುಗರ್ ನೋಡಬೇಕು. ಆಮೇಲೂ ಆಗಾಗ ನೋಡುತ್ತಿರಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಬಸುರಿನಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಿಗೆ ಮೈಕೊಬ್ಬು ಜಾಸ್ತಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಲಕ್ಷಣವೂ ಜಾಸ್ತಿ ಕಂಡಿತು. ಅಂಗನವಾಡಿ ಕಾರ್ಯಕರ್ತೆಯರ ಜೊತೆ ಒಂದು ಮಧ್ಯಾಹ್ನ ಕೂತರೆ ಈ ಕೆಲಸಕ್ಕೆ ದಾರಿ ಆಗುತ್ತದೆ.

ಎರಡನೆಯವರು ಟೈಪ್ 1 ಮಕ್ಕಳು. ನವೆಂಬರ್ 14 ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ. ನಮ್ಮಲ್ಲಿ ಅವತ್ತೇ ಮಕ್ಕಳ ದಿನಾಚರಣೆ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಮೊದಲು ಇನ್ಸುಲಿನ್ ಪಡೆದವನೂ ಹದಿನಾಲ್ಕರ ಹುಡುಗ. ಈ ಮಕ್ಕಳಿಗೆ ಸಿಹಿ ತಿಂದು ಕಾಯಿಲೆ ಬಂದಿರುವುದಿಲ್ಲ. ಇನ್ಸುಲಿನ್ ಇಲ್ಲದೆ ಅವರು ಬದುಕುವುದಿಲ್ಲ. ದಿನಕ್ಕೆ ನಾಲ್ಕು ಸಲ ಟೆಸ್ಟ್ ಎಂದರೂ ತಿಂಗಳಿಗೆ 120 ಸ್ಟ್ರಿಪ್ ಬೇಕು. ಕೂಲಿ ಮಾಡುವ ಅಪ್ಪ ಅಮ್ಮ ಅದನ್ನು ಎರಡಕ್ಕೆ, ಒಂದಕ್ಕೆ ಇಳಿಸುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಇಂಥ ಮಕ್ಕಳು ಬೆರಳೆಣಿಕೆಯಷ್ಟು ಇರಬಹುದು. ಮಕ್ಕಳ ಡಾಕ್ಟರ ಮೂಲಕ ಮನೆಯವರನ್ನು ಕೇಳಿ, ವರ್ಷದ ಸ್ಟ್ರಿಪ್ ಖರ್ಚು ವಹಿಸಿಕೊಳ್ಳಿ. ಶಾಲೆಯ ಮೇಷ್ಟ್ರಿಗೆ ಶುಗರ್ ಇಳಿದಾಗ ಏನು ಮಾಡಬೇಕೆಂದು ಹೇಳಿಕೊಡಿ. ಮಗುವನ್ನು ಮಾತ್ರ ವೇದಿಕೆಗೆ ಕರೆದು ಫೋಟೋ ತೆಗೆಸಬೇಡಿ.